ಸದ್ದಿಲ್ಲದ ಗೇಟು

ಒಪ್ಪಿಗೆ ಪತ್ರಕ್ಕೆ ಹತ್ತು ಮನೆಯವರು ಸಹಿಯ ಬದಲು ತಮ್ಮ ಹೆಸರಿನ ಠಸ್ಸೆ ಒತ್ತಿ ಆಗಿತ್ತು. ಹನ್ನೊಂದನೆಯ ಮನೆಯ ಬಾಗಿಲಲ್ಲಿ ಶಿನೊ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಹಮಾಮತ್ಸು ಊರಿನ ಜನವರಿ ಗಾಳಿ ಬೆನ್ನಿಗೆ ಬಡಿಯುತ್ತಿತ್ತು. ಹೇಳಬೇಕಾದದ್ದನ್ನೆಲ್ಲ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಬಾಗಿಲು ತೆರೆದವನಿಗೆ ನಲವತ್ತರ ಆಸುಪಾಸು. ಕಿವಿಯ ಸಂದಿಯಲ್ಲಿ ಪೆನ್ಸಿಲು, ಸ್ವೆಟರಿನ ತೋಳಿನ ತುಂಬ ಮರದ ಪುಡಿ. ಹೆಸರು ತೊಗಾವಾ, ಹಳೇ ಪಿಯಾನೋಗಳನ್ನು ರಿಪೇರಿ ಮಾಡಿ ಶ್ರುತಿ ಕೂಡಿಸುವುದು ಅವನ ಕಸುಬು. ಇಷ್ಟು ಶಿನೊಗೆ ಮೊದಲೇ ಗೊತ್ತಿತ್ತು. ಅವನ ಕಣ್ಣು ಅಷ್ಟು ತಿಳಿಯಾಗಿರುತ್ತದೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ.

"ನಗರಸಭೆಯ ಉದ್ಯಾನ ವಿಭಾಗದಿಂದ ಬಂದಿದ್ದೀನಿ, ಮಾಕಿತಾ ಶಿನೊ ಅಂತ. ನಿಮ್ಮ ಹಿತ್ತಲ ಪಾರ್ಕಿನಲ್ಲಿ ನಾಯಿಗಳಿಗೆ—"

"ಒಂದ್ನಿಮಿಷ," ಎಂದು ಅವನು ಬೆರಳೆತ್ತಿದ. ಮನೆಯ ಹಿಂದೆಲ್ಲೋ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದಾಯಿತು. ಅವನು ಹಲ್ಲುನೋವು ಬಂದವನಂತೆ ಕಣ್ಣು ಮುಚ್ಚಿ ತೆರೆದ. "ಹ್ಞಾಂ, ಈಗ ಹೇಳಿ."

ಶಿನೊ ಹೇಳಿದಳು. ನಾಯಿಗೆ ದಿನಕ್ಕೊಮ್ಮೆಯಾದರೂ ಬೆಲ್ಟು ಬಿಚ್ಚಿ ಓಡುವ ಜಾಗ ಬೇಕು, ಜಾಗ ಇಲ್ಲದ್ದಕ್ಕೇ ಜನ ಹೊಳೆದಂಡೆಯ ರಸ್ತೆಯಲ್ಲಿ ಕದ್ದು ಬಿಡುತ್ತಿದ್ದಾರೆ, ಬೇಲಿ ಹಾಕಿದರೆ ಮಕ್ಕಳಿಗೂ ಭಯವಿಲ್ಲ, ನಾಯಿಗೂ ಅಪಾಯವಿಲ್ಲ. ಐದು ನಿಮಿಷ ಒಂದೇ ಉಸಿರು.

"ಮುಗೀತಾ?"

"ಮುಗೀತು."

"ನಾಯಿ ಬೇಡ ಅಂತ ನಾನು ಯಾವತ್ತು ಹೇಳಿದೆ?"

ಶಿನೊ ಫೈಲು ಬಿಡಿಸಿದಳು. ಬಡಾವಣೆಯ ಸಭೆಯ ವರದಿಯಲ್ಲಿ ಸ್ಪಷ್ಟವಾಗಿತ್ತು: ತೊಗಾವಾ, ವಿರೋಧ, ನಾಯಿ ಬೊಗಳುವ ಕಾರಣ. ಬರೆದವಳು ಅವಳೇ.

"ಸದ್ದು ತಡೆಯೋಕಾಗಲ್ಲ ಅಂದೆ. ಅಷ್ಟೇ. ಮುಂದಿನ ಮಾತಿಗೆ ಬಾಯಿ ತೆಗೆಯೋಷ್ಟರಲ್ಲಿ ಹಿಂದಿನ ಸಾಲಿನವರು ಬೊಗಳೋ ವಿಷಯ ಎತ್ಕೊಂಡು ಕೂಗಾಡಿದ್ರು. ನೀವು ಅವರದ್ದನ್ನು ನನ್ನ ಹೆಸರಿಗೆ ಬರ್ಕೊಂಡ್ರಿ." ಅವನು ಪಕ್ಕಕ್ಕೆ ಸರಿದು ಒಳಗೆ ಕೈ ತೋರಿಸಿದ. "ಮನೆಯೊಳಗೆ ಹಾಕ್ಕೊಳ್ಳೋ ಚಪ್ಪಲಿ ಅಲ್ಲಿದೆ. ಬನ್ನಿ, ಕೇಳಿಸ್ತೀನಿ."

ಶಿನೊಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತನ್ನ ಕೈಬರಹವನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಹಿಂದಿನ ಕೋಣೆಯಲ್ಲಿ ಹೊಟ್ಟೆ ಬಿಚ್ಚಿದ ಮೂರು ಪಿಯಾನೋಗಳಿದ್ದವು. ಕಿಟಕಿ ತೆರೆದೇ ಇತ್ತು. ಅಂಟು, ವಾರ್ನಿಶ್ಶಿನ ವಾಸನೆಗೆ ತೆರೆಯದೆ ವಿಧಿಯಿರಲಿಲ್ಲ. ಅವನು ಪಿಯಾನೋದ ಒಂದು ಕೀ ಒತ್ತಿದ. ಸ್ವರ ಎದ್ದು, ತೆಳುವಾಗಿ ನಡುಗುತ್ತ ನಿಂತಿತು. ಅವನು ತಂತಿ ಬಿಗಿಯುವ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ನಡುಕ ನಿಲ್ಲುತ್ತ ಬಂತು. ಆಗಲೇ ಹೊರಗೆ ಗೇಟು ಬಡಿಯಿತು, ಅದೇ ಸ್ವರಕ್ಕಿಂತ ಒಂದಿಷ್ಟು ಕೆಳಗೆ. ಅವನ ಕೈ ನಿಂತುಹೋಯಿತು.

ಎರಡು ತಿಂಗಳ ಪ್ರಯೋಗಕ್ಕೆಂದು ತಂದಿದ್ದ ಕಬ್ಬಿಣದ ಗೇಟು ಅದು. ಒಂದಲ್ಲ, ಎರಡು. ಒಬ್ಬರು ಒಳಗೆ ಬರುವಾಗ ಇನ್ನೊಬ್ಬರ ನಾಯಿ ನುಸುಳಿ ಓಡದಿರಲೆಂದು ಒಂದರ ಹಿಂದೆ ಒಂದು. ಬೆಲ್ಟು ಬಿಚ್ಚಲು ಇನ್ನೂ ಅನುಮತಿಯಿಲ್ಲ, ಜನ ನಾಯಿ ಹಿಡಿದುಕೊಂಡೇ ಬಂದು ಹೋಗುತ್ತಿದ್ದರು. ಬರುವಾಗ ಎರಡು ಬಡಿತ, ಹೋಗುವಾಗ ಎರಡು. ದಿನಕ್ಕೆ ನಾಯಿ ಅರುವತ್ತಾದರೆ ಬಡಿತ ಇನ್ನೂರ ನಲವತ್ತು. ಗಾಳಿಯ ದಿನ ಲೆಕ್ಕವೇ ಇಲ್ಲ.

"ನಾಯಿ ಬೊಗಳೋಕೆ ಏನೋ ಒಂದು ಕಾರಣ ಇರುತ್ತೆ," ಎಂದ ತೊಗಾವಾ. "ಅದನ್ನ ಕೇಳ್ಕೊಂಡು ಇರಬಹುದು. ಈ ಗೇಟಿಗೆ ಏನು ಕಾರಣ ಇದೆ ಹೇಳಿ."

ಶಿನೊ ಕಿಟಕಿಯಿಂದ ಪಾರ್ಕಿನ ಕಡೆ ನೋಡಿದಳು. ಆರು ವರ್ಷದಿಂದ ಈ ಯೋಜನೆಯ ಬೆನ್ನು ಬಿದ್ದಿದ್ದಳು. ಎರಡು ಪಾರ್ಕುಗಳಲ್ಲಿ ಆಗುವುದಿಲ್ಲ ಎನಿಸಿಕೊಂಡು ಬಂದು ಇದು ಮೂರನೆಯದು. ದೊಡ್ಡ ಕರ್ಪೂರದ ಮರದ ನೆರಳು, ಉಯ್ಯಾಲೆಗಳಿಂದ ದೂರ. ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲೇ ಇಲ್ಲ. ಫೆಬ್ರವರಿ ಕೊನೆಯೊಳಗೆ ಅಂಚಿನ ಹನ್ನೊಂದು ಮನೆಗಳೂ ಒಪ್ಪಬೇಕು. ಒಂದು ಮನೆ ಒಪ್ಪದಿದ್ದರೂ ಜಾಗ ಕಾರ್ ಪಾರ್ಕಿಂಗಿಗೆ ಹೋಗುತ್ತದೆ.

"ಗುರುವಾರ ಬರ್ತೀನಿ," ಎಂದಳು. "ಗೇಟಿಗೆ ಏನಾದ್ರೂ ಮಾಡ್ಕೊಂಡು."

ಗುರುವಾರ ಬಂದಳು, ಅಗುಳಿಗೆ ರಬ್ಬರು ಸುತ್ತಿಕೊಂಡು. ಚಳಿಗೆ ರಬ್ಬರು ಕಲ್ಲಾಗಿ ಮತ್ತೆ ಬಡಿಯಿತು. ಮುಂದಿನ ಗುರುವಾರ ಚರ್ಮ ಸುತ್ತಿದಳು. ಅದನ್ನು ಉಮೆದಾ ಅಜ್ಜಿಯ ನಾಯಿ ಮೊನಾಕಾ ಕಿತ್ತು ತಿಂದಿತು. ಈ ಜಾಗ ಬೇಕೆಂದು ಮೊಟ್ಟಮೊದಲು ಅರ್ಜಿ ಕೊಟ್ಟವರೇ ಆ ಅಜ್ಜಿ, ಆದ್ದರಿಂದ ಶಿನೊ ಬಯ್ಯುವ ಹಾಗೂ ಇರಲಿಲ್ಲ.

ಪ್ರತಿ ಸಲ ಸದ್ದಳೆಯುವ ಯಂತ್ರವನ್ನು ಅವಳು ತೊಗಾವಾನ ಕಿಟಕಿಯ ಮೇಲಿಡುತ್ತಿದ್ದಳು. ಅವನು ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ.

"ಏನಂತೆ ನಿಮ್ಮ ಡಬ್ಬಿ?"

"ಮಿತಿಗಿಂತ ಕಡಿಮೆ ಇದೆಯಂತೆ."

"ಹಾಗಾದ್ರೆ ಅದನ್ನೇ ಶ್ರುತಿ ಮಾಡೋಕೆ ಕೂರಿಸಿ. ನಾನು ಹೋಗಿ ಮಲಗ್ತೀನಿ."

"ತೊಗಾವಾಸಾನ್, ನಿಮ್ಮ ಕಿವಿ ಸ್ವಲ್ಪ ಜಂಬದ್ದು ಅಂತ ಯಾರೂ ಹೇಳಿಲ್ವಾ?"

"ಹೇಳಿದ್ದಾರೆ. ಹಿಂದಿನಿಂದ ಹೇಳಿದ್ರೂ ಕೇಳಿಸುತ್ತೆ, ಅದೇ ಕಷ್ಟ."

ಶಿನೊ ನಗು ತಡೆಯಲು ಅವನು ಮುಂದಿಟ್ಟಿದ್ದ ಕಿತ್ತಳೆಯ ಸಿಪ್ಪೆ ಸುಲಿಯತೊಡಗಿದಳು. ಅವನು ಸುಮ್ಮನೆ ಅವಳ ಬೆರಳುಗಳನ್ನು ನೋಡುತ್ತಿದ್ದ. ಅವಳು ತಲೆಯೆತ್ತಿದಾಗ ಪಿಯಾನೋ ಕಡೆ ತಿರುಗಿಕೊಂಡ, ಆದರೆ ಸ್ವಲ್ಪ ತಡವಾಗಿ.

"ಗುರುವಾರ ಮಾತ್ರ ತುಟಿಗೆ ಬಣ್ಣ ಬರುತ್ತಲ್ಲ ಮಗಾ," ಎಂದು ಉಮೆದಾ ಅಜ್ಜಿ ಪಾರ್ಕಿನ ಬೆಂಚಿನಲ್ಲಿ ಕೂತು ಕೇಳಿದರು. "ಗೇಟಿಗೆ ತೋರಿಸೋಕಾ?"

"ಗಾಳಿಗೆ ತುಟಿ ಒಡೆಯುತ್ತೆ ಅಜ್ಜಿ."

"ಹೌದೌದು. ಗುರುವಾರದ ಗಾಳಿ ಬಹಳ ಜೋರು."

ನಾಲ್ಕನೆಯ ಗುರುವಾರ ತೊಗಾವಾ ಕೆಲಸ ಮಾಡುತ್ತಿರಲಿಲ್ಲ. ಮೇಜಿನ ಮೇಲೆ ಕೆಂಪು ಶಾಯಿಯ ಡಬ್ಬಿ, ಅದರ ಪಕ್ಕದಲ್ಲಿ ಅವನ ಹೆಸರಿನ ಪುಟ್ಟ ಠಸ್ಸೆ ಕಾದಿದ್ದವು.

"ಆ ಕಾಗದ ಕೊಡಿ. ಒತ್ತಿಬಿಡ್ತೀನಿ."

"ಗೇಟು ಇನ್ನೂ ಬಡೀತಾ ಇದೆ."

"ಬಡ್ಕೊಳ್ಳಲಿ. ಕಿಟಕಿ ಹಾಕ್ಕೊಂಡು ಕೆಲಸ ಮಾಡ್ತೀನಿ. ಆರು ವರ್ಷ ಒದ್ದಾಡಿದ್ದೀರಿ, ಇನ್ನೂ ಯಾಕೆ." ಅವನು ಠಸ್ಸೆಯನ್ನು ಬೆರಳಲ್ಲಿ ಉರುಳಿಸುತ್ತ ಸಣ್ಣ ದನಿಯಲ್ಲಿ ಸೇರಿಸಿದ. "ನಿಮಗೋಸ್ಕರ ಅಂತ ಇಟ್ಕೊಳ್ಳಿ."

ಶಿನೊಳ ಎದೆ ಹಿಗ್ಗಿತು. ಸುಳ್ಳು ಯಾಕೆ ಹೇಳಬೇಕು, ಕೈ ಫೈಲಿನ ದಾರದವರೆಗೆ ಹೋಗಿಯೂ ಇತ್ತು. ಒಂದು ಗುರುತು ಬಿದ್ದರೆ ಆರು ವರ್ಷದ ಕೆಲಸ ಗೆದ್ದಂತೆ. ಕೊಡುತ್ತಿರುವವನೋ, ವಾರವಿಡೀ ಅವಳು ಯಾರ ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದಳೋ ಅವನೇ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನನಗೋಸ್ಕರ ಕೊಡೋ ಠಸ್ಸೆ ಬೇಡ."

"ಯಾಕೆ?"

"ಆಗಸ್ಟ್‌ನ ಸೆಕೆಯಲ್ಲಿ ಕಿಟಕಿ ಮುಚ್ಕೊಂಡು ಆ ವಾಸನೆಯಲ್ಲಿ ಬೆವರು ಸುರಿಸ್ತಾ ಕೂತಿರ್ತೀರಿ. ಇವಳಿಂದ ಈ ಗತಿ ಬಂತು ಅಂತ ಅವತ್ತು ಅನ್ಸುತ್ತೆ. ನೀವು ನನ್ನ ಮೇಲೆ ಬೇಜಾರಾಗೋದು ನನಗೆ ಇಷ್ಟ ಇಲ್ಲ."

"ಯಾಕೆ ಇಷ್ಟ ಇಲ್ಲ?"

"ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ." ಎದ್ದು ನಿಂತವಳ ಕಣ್ಣು ಮೂಲೆಯ ಬುಟ್ಟಿಯ ಮೇಲೆ ಬಿತ್ತು. ಅದರ ತುಂಬ ದಪ್ಪ ಉಣ್ಣೆಯ ಕೆಂಪು ಪಟ್ಟಿಗಳು. "ಅದೇನು?"

"ಹಳೇ ಪಿಯಾನೋ ಒಳಗಿಂದ ಬಿಚ್ಚಿದ್ದು. ಮರಕ್ಕೆ ಮರ ತಾಗಿ ಸದ್ದಾಗದ ಹಾಗೆ ನಡುವೆ ಇರುತ್ತೆ."

"ಕೊಡ್ತೀರಾ?"

"ಮಳೆಗೆ ಎರಡು ದಿನ ತಡೆಯಲ್ಲ ಅದು."

"ನಾನು ಕೇಳಿದ್ದು ಕೊಡ್ತೀರಾ ಅಂತ."

ಅವನು ಬುಟ್ಟಿಯನ್ನೇ ಎತ್ತಿ ಕೊಟ್ಟ. ಕೊಡುವಾಗ ಅವನ ಮುಖದಲ್ಲಿ ನೋವೂ ಇತ್ತು, ಅದರ ಹಿಂದೆ ಅವಳಿಗೆ ಅರ್ಥವಾಗದ ಇನ್ನೇನೋ ಸಂತೋಷವೂ ಇತ್ತು.

ಮುಂದಿನ ಗುರುವಾರ ಅವಳು ಹೋಗಲಿಲ್ಲ. ಉದ್ಯಾನ ವಿಭಾಗದ ಶೆಡ್ಡಿನಲ್ಲಿ ಬಡಗಿಯನ್ನು ಹಿಡಿದುಕೊಂಡು ಕೂತಳು. ಕಬ್ಬಿಣದ ಅಗುಳಿ ತೆಗೆಸಿ ಮರದ ನಾಲಿಗೆ ಮಾಡಿಸಿದಳು. ಅದು ಕೂರುವ ಗೂಡಿಗೆ ಉಣ್ಣೆ ಹಾಸಿ, ನೀರು ಇಳಿಯದಂತೆ ಮೇಲೆ ತಗಡಿನ ಟೊಪ್ಪಿ ಮುಚ್ಚಿಸಿದಳು. ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಮೇಲೆ ಸುರಿದು ನೋಡಿದಳು. ಉಣ್ಣೆ ಒದ್ದೆಯಾಯಿತು. ಬಿಚ್ಚಿದಳು. ಮತ್ತೆ ಮಾಡಿಸಿದಳು. ಐದು ಸಲ ಬಿಚ್ಚಿದ ಮೇಲೆ ಬಡಗಿ ಅವಳ ಜೊತೆ ಮಾತು ಬಿಟ್ಟ.

"ಅವನೇ ಒತ್ತುತ್ತೀನಿ ಅಂದ್ರೂ ನೀನು ಬೇಡ ಅಂದೆಯಂತೆ," ಎಂದರು ಉಮೆದಾ ಅಜ್ಜಿ. "ತಲೆ ನೆಟ್ಟಗಿದೆಯಾ ನಿನಗೆ?"

"ಇದೆ ಅಜ್ಜಿ. ಅದಕ್ಕೇ ಬೇಡ ಅಂದೆ."

ಆರನೆಯ ಸಲ ಉಣ್ಣೆ ಒಣಗಿದ್ದಂತೆಯೇ ಉಳಿಯಿತು.

ಫೆಬ್ರವರಿ ಇಪ್ಪತ್ತೇಳರ ಬೆಳಗ್ಗೆ ಚಿಕ್ಕ ಲಾರಿಯಲ್ಲಿ ಎರಡೂ ಗೇಟು ಬಂದವು. ಅವು ನಿಂತ ಮೇಲೆ ಶಿನೊ ತೊಗಾವಾನ ಬಾಗಿಲು ತಟ್ಟಿ ಒಂದು ಹಾಳೆ ಕೊಟ್ಟಳು. ನಮಸ್ಕಾರವನ್ನೂ ಹೇಳಲಿಲ್ಲ.

"ಕಿಟಕಿ ತೆಗೆದು ಕೆಲಸ ಮಾಡ್ತಾ ಇರಿ. ಗೇಟು ಕೇಳಿಸಿದಾಗೆಲ್ಲ ಒಂದೊಂದು ಗೆರೆ ಎಳೀರಿ. ನನ್ನ ಮುಖ ನೆನೆಸ್ಕೊಂಡು ಅಲ್ಲ, ಕಿವಿಯಿಂದ ಕೇಳಿ."

"ಆಗಲಿ ಮೇಡಂ," ಎಂದು ಅವನು ತಲೆ ಬಾಗಿಸಿದ.

ಗಾಳಿ ಎಂದಿನಂತೆಯೇ ಇತ್ತು. ಅಜ್ಜಿ ಮತ್ತು ಮೊನಾಕಾ ನಲವತ್ತು ಸಲ ಒಳಗೆ ಹೋಗಿ ಹೊರಗೆ ಬಂದರು. ನಲವತ್ತನೆಯ ಸಲಕ್ಕೆ ಬೇಸತ್ತ ಮೊನಾಕಾ ಎರಡು ಗೇಟುಗಳ ನಡುವೆ ಕೂತು, ಏನು ಮಾಡಿದರೂ ಏಳುವುದಿಲ್ಲವೆಂದು ಮುಖ ತಿರುಗಿಸಿತು. ಎಷ್ಟೋ ದಿನದ ಮೇಲೆ ಶಿನೊ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳು ಒಳಗೆ ಹೋದಾಗ ಹಾಳೆ ಮೇಜಿನ ಮೇಲಿತ್ತು. ಅದರಲ್ಲಿ ಒಂದು ಗೆರೆ ಕಂಡಿತು. ಅವಳು ಅದನ್ನು ಕೈಗೆತ್ತಿಕೊಂಡಳು.

"ಎಷ್ಟನೇ ಸಲಕ್ಕೆ ಕೇಳಿಸಿದ್ದು? ಒಳಗಿನದಾ, ಹೊರಗಿನದಾ?"

"ಗೇಟಲ್ಲ."

"ಮತ್ತೆ?"

"ನೀವು ನಕ್ಕಿದ್ದು," ಎಂದ ತೊಗಾವಾ. "ಆಮೇಲೆ ಬಹಳ ಹೊತ್ತು ಶ್ರುತಿ ಸಿಗಲಿಲ್ಲ."

ಶಿನೊ ಹಾಳೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. "ಅದಕ್ಕೆ ಉಣ್ಣೆ ಹಾಕೋಕಾಗಲ್ಲ ತೊಗಾವಾಸಾನ್."

"ಹಾಕಬೇಡಿ." ಅವನು ಶಾಯಿಯ ಡಬ್ಬಿ ತೆರೆದ. "ಈಗ ಒತ್ತಬಹುದಾ? ಗೇಟಿಗೋಸ್ಕರ."

ಅವಳು ಕಾಗದವನ್ನು ಅವನತ್ತ ಸರಿಸಿದಳು. ಹನ್ನೊಂದನೆಯ ಗುರುತು ಕೆಂಪಗೆ, ನೇರವಾಗಿ ಬಿತ್ತು. ಇನ್ನು ಗುರುವಾರ ಇಲ್ಲಿಗೆ ಬರಲು ಕಾರಣವಿಲ್ಲ ಅನ್ನುವುದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆದಿರಬೇಕು. ಇಬ್ಬರೂ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿ ನಮಸ್ಕರಿಸಿದರು.

ಜಾಗ ತೆರೆಯುವವರೆಗೆ ಆ ಮನೆಯ ಮೆಟ್ಟಿಲು ಹತ್ತಬಾರದೆಂದು ಶಿನೊ ಗಟ್ಟಿ ಮನಸ್ಸು ಮಾಡಿದಳು. ಸಲಿಗೆಯಿಂದ ಪಡೆದ ಒಪ್ಪಿಗೆ ಎಂದು ನಾಳೆ ಯಾರೂ ಬೆರಳು ತೋರಿಸಬಾರದು. ಆರು ಗುರುವಾರ ಕಚೇರಿಯ ಗಡಿಯಾರ ನೋಡುತ್ತ ಕೂತಳು. ಅವನ ನೆನಪಾಗಿ ಅಳು ಬಂದ ದಿನವೂ ಒಂದಿತ್ತು. ಆದರೂ ಹೋಗಲಿಲ್ಲ.

ಏಪ್ರಿಲ್‌ನ ಭಾನುವಾರ ಜಾಗ ತೆರೆಯಿತು. ಭಾಷಣ ಮುಗಿಯಿತು, ಮುಖ್ಯಸ್ಥರು ಹೋದರು. ಶಿನೊ ಕೆಲಸದ ತೋಳುಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಬೆಲ್ಟು ಬಿಚ್ಚಿದ ಮೊನಾಕಾ ಮೊದಲು ನಂಬಿಕೆಯಿಲ್ಲದೆ ನಿಂತು ಅಜ್ಜಿಯ ಮುಖ ನೋಡಿತು. ಆಮೇಲೆ ಓಡಿತು. ಕರ್ಪೂರದ ಮರವನ್ನು ನಾಲ್ಕು ಸುತ್ತು ಹಾಕಿತು. ಅಜ್ಜಿ ಮೂಗು ಒರೆಸಿಕೊಂಡರು.

ಶಿನೊ ಆಗ ಆ ಮನೆಯ ಕಡೆ ನೋಡಿದಳು. ಹಿಂದಿನ ಕಿಟಕಿ ಮುಚ್ಚಿತ್ತು. ಮುಚ್ಚುವುದು ಬೇಡವೆಂದೇ ಅಲ್ಲವೇ ಅಷ್ಟೆಲ್ಲ ಮಾಡಿದ್ದು. ಅವಳ ಮನಸ್ಸು ಕುಸಿಯಿತು.

"ಕಿಟಕಿ ಯಾಕೆ ಮುಚ್ಚಿದೆ ಗೊತ್ತಾ?" ಎಂದಿತು ಬೆನ್ನ ಹಿಂದಿನ ದನಿ. "ಮನೆಯಲ್ಲಿ ಯಾರೂ ಇಲ್ಲ."

ಶಿನೊ ಬೆಚ್ಚಿ ತಿರುಗಿದಳು. ತೊಗಾವಾ ನಿಂತಿದ್ದ, ಒಗೆದ ಅಂಗಿ, ಕಿವಿಯ ಮೇಲೆ ಪೆನ್ಸಿಲಿಲ್ಲ. ಎರಡು ಗೇಟು ದಾಟಿ ಬಂದಿದ್ದ, ಒಂದೂ ಕೇಳಿಸಿರಲಿಲ್ಲ.

"ಆರು ಗುರುವಾರ," ಎಂದ ಅವನು. "ಇನ್ನೂರ ನಲವತ್ತು ಬಡಿತವೇ ವಾಸಿ ಅನ್ನಿಸಿಬಿಟ್ಟಿತ್ತು. ಬಡೀತಾ ಇದ್ರೆ ನೀವಾದ್ರೂ ಬರ್ತಿದ್ರಿ."

"ಇವತ್ತೇ ಬರೋಳಿದ್ದೆ. ಫೈಲಿಲ್ಲದೆ." ಅವಳು ಎರಡೂ ಕೈ ಬಿಡಿಸಿ ತೋರಿಸಿದಳು. "ನಿಮ್ಮಿಂದ ಏನೂ ಆಗಬೇಕಾಗಿಲ್ಲದ ದಿನ ಹೇಳಬೇಕು ಅಂತ ಕಾದಿದ್ದೆ. ನೀವು ಅಂದ್ರೆ ನನಗೆ ಇಷ್ಟ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಇನ್ನೊಂದು ಸಲ ಹೇಳಿ."

"ಆ ಜಂಬದ ಕಿವಿಗೆ ಕೇಳಿಸಲಿಲ್ವಾ?"

"ಕೇಳಿಸ್ತು. ನನಗೂ ನೀವಂದ್ರೆ ಇಷ್ಟ, ಆ ಡಬ್ಬಿ ತಂದ ದಿನದಿಂದ. ಆದ್ರೂ ಇನ್ನೊಂದು ಸಲ ಕೇಳ್ಬೇಕು."

ಶಿನೊ ಅವನ ಹಿಂದಿದ್ದ ಫಲಕಕ್ಕೆ ಬೆರಳು ತೋರಿಸಿದಳು. ಅದನ್ನೂ ಬರೆದವಳು ಅವಳೇ. "ನಾಲ್ಕನೇ ನಿಯಮ ಓದಿ."

"ನಾಯಿ ಇಲ್ಲದವರಿಗೆ ಪ್ರವೇಶವಿಲ್ಲ," ಎಂದು ಅವನು ಓದಿದ.

"ನಡೀರಿ ಹೊರಗೆ."

"ನೀವು?"

"ನನಗೂ ನಾಯಿ ಇಲ್ಲ," ಎಂದು ಅವಳು ಅವನ ಕೈ ಹಿಡಿದಳು.

ಒಳಗಿನ ಗೇಟನ್ನು ಅವನು ತೆರೆದ, ಹೊರಗಿನದನ್ನು ಅವಳು. ಅವೆರಡೂ ಅವರ ಹಿಂದೆ ಒಂದಾದ ಮೇಲೊಂದು ಮುಚ್ಚಿಕೊಂಡವು. ಅವರು ಹೋದದ್ದು ಉಮೆದಾ ಅಜ್ಜಿಗೂ ಗೊತ್ತಾಗಲಿಲ್ಲ.