ಹನ್ನೊಂದು ನಿಮಿಷದ ಶಹನಾಯಿ

ಶನಿವಾರ, ನವೆಂಬರ್ ಹದಿನೈದು, ಬೆಳಿಗ್ಗೆ 10.40. ಸುರಪುರ ಠಾಣೆಗೆ ಬಂದ ಖಾಜಾಹುಸೇನ ಕುರ್ಚಿ ತೋರಿಸಿದರೂ ಕೂಡಲಿಲ್ಲ. ರಂಗಂಪೇಟೆಯಲ್ಲಿ ಮೂವತ್ತು ವರ್ಷದಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದ ಮನುಷ್ಯ. ಸುತ್ತಲಿನ ಅರ್ಧ ಮದುವೆಗಳಿಗೆ ಅವನದೇ ಕ್ಯಾಮೆರಾ.

"ಏನು ಹೋಗ್ಯಾದ?" ಪಿಎಸ್‌ಐ ಬಸಲಿಂಗ ಕೇಳಿದ.

"ಒಂದು ಹಾರ್ಡ್ ಡಿಸ್ಕ್ ರಿ ಸಾಹೇಬ್ರ. ಎರಡು ಸಾವಿರದ ಹದಿನಾಲ್ಕರ ಮದುವಿ ಎಲ್ಲಾ ಅದರಾಗ ಅವ."

"ಕ್ಯಾಮೆರಾ, ರೊಕ್ಕ?"

"ಎಲ್ಲಾ ಇದ್ದಲ್ಲೇ ಅವ್ರಿ."

ಬಿ.ಎನ್.ಎಸ್. ಕಲಂ 305ರ ಅಡಿ ಕಳ್ಳತನದ ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಶುಕ್ರವಾರದ ನಮಾಜಿಗೆ ಹೋಗುವಾಗ ಖಾಜಾಹುಸೇನ ಬಾಗಿಲು ಮುಂದಕ್ಕೆಳೆದು ಹೋಗಿದ್ದನಷ್ಟೇ. ಇಸವಿ ಬರೆದ ಎಂಟು ಡಿಸ್ಕುಗಳ ಸಾಲಿನಲ್ಲಿ ಒಂದರ ಜಾಗ ಖಾಲಿ. ಕಳ್ಳ ಕೈಗೆ ಸಿಕ್ಕಿದ್ದನ್ನು ಒಯ್ದಿರಲಿಲ್ಲ, ಬೇಕಾದದ್ದನ್ನು ಹುಡುಕಿ ಒಯ್ದಿದ್ದ.

ಎದುರಿನ ಔಷಧಿ ಅಂಗಡಿಯ ಸಿಸಿಟಿವಿಯಲ್ಲಿ, ಶುಕ್ರವಾರ ಮಧ್ಯಾಹ್ನ 1.32ಕ್ಕೆ, ಜಾಕೆಟ್ ತೊಟ್ಟು ತಲೆಗೆ ಟವೆಲ್ ಸುತ್ತಿದ ಒಬ್ಬರು ಹೊರಬಿದ್ದಿದ್ದರು. ಮುಖವೆಂಬುದು ಒಂದು ಮಸುಕು ಕಲೆ. ಹೆಡ್ ಕಾನ್‌ಸ್ಟೇಬಲ್ ಸಾಬಣ್ಣ ಅದನ್ನು ಯಾರದೋ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಸಂಜೆಗೆ ತಂದ. ಕಣ್ಣು, ಮೂಗು, ಮೀಸೆ ಎಲ್ಲ ಸ್ಪಷ್ಟ.

"ಸ್ಟುಡಿಯೊ ಕೆಲಸ ಬಿಟ್ಟು ಹೋದ ಮುಜಫರನ ಮಾರಿ ಇದು. ಜಗಳಾಡಿ ಹೋಗ್ಯಾನಂತ. ಎತ್ತಾಕ್ಕೊಂಡು ಬರ್ಲೇನ್ರಿ?"

ಬಸಲಿಂಗ ಚಿತ್ರವನ್ನು ಖಾಜಾಹುಸೇನನ ಮುಂದಿಟ್ಟ.

"ಇದು ಮುಜಫರ ಅಲ್ರಿ. ಯಾರೂ ಅಲ್ಲ," ಎಂದ ಅವನು. "ದೊಡ್ಡದು ಮಾಡುವಾಗ ಇಲ್ಲದ ಚುಕ್ಕಿನ ಸಾಫ್ಟ್‌ವೇರ್ ತಾನೇ ಊಹಿಸಿ ತುಂಬತದ. ಮೂಲದಾಗ ಕಣ್ಣೇ ಇಲ್ಲ, ಇದು ಕಣ್ಣು ಬರದದ."

ಆದರೂ ಭಾನುವಾರ ಬಸಲಿಂಗ, ಸಾಬಣ್ಣ ಇಬ್ಬರೂ ಸೈದಾಪುರದ ಕಡೆ ಹೋಗಿ, ಮುಜಫರ ದುಡಿಯುವ ಕಾರ್ಖಾನೆಯ ಹಾಜರಿ ನೋಡಿದರು. ಶುಕ್ರವಾರ ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ಅವನು ಒಳಗೇ ಇದ್ದ. ಸಾಬಣ್ಣ ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಬಸಲಿಂಗ ಅವನಿಗೆ ಚಹಾ ಕುಡಿಸಿದ. ಚಹಾ ಅಂಗಡಿಯಿಂದಲೇ ಖಾಜಾಹುಸೇನನಿಗೆ ಫೋನು ಹಚ್ಚಿದ.

"ಹಳೇ ಮದುವಿ ವಿಡಿಯೊ ಬೇಕಂತ ಯಾರರ ಬಂದಿದ್ರೇನು?"

"ದೋರನಹಳ್ಳಿ ಭಾರತಿ ಬಂದಿದ್ಳರಿ. ಶಹನಾಯಿ ವೆಂಕಪ್ಪನ ಮಗಳು. ಮೂರು ಸಲ ಬಂದ್ಳು. ಮದುವಿ ಮನಿಯವರನ್ನ ಕೇಳಬೇಕಾಗತದ ಅಂತ ಹೊಳ್ಳಿ ಕಳಿಸೀನಿ. ವೆಂಕಪ್ಪ ಶ್ರಾವಣದಾಗ ತೀರಿಕೊಂಡ."

ಸೋಮವಾರ ಮಧ್ಯಾಹ್ನ 2.50. ಶಹಾಪುರ ಠಾಣೆಗೆ ತಿಳಿಸಿ, ಸಾಬಣ್ಣನನ್ನೂ ಮಹಿಳಾ ಕಾನ್‌ಸ್ಟೇಬಲ್ ಅರ್ಜುಮಂದಳನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಬಸಲಿಂಗ ದೋರನಹಳ್ಳಿಯ ಮನೆ ಹೊಕ್ಕ. ಭಾರತಿಗೆ ಇಪ್ಪತ್ತಾರು ವರ್ಷ, ಶಹಾಪುರದ ಆನ್‌ಲೈನ್ ಸೆಂಟರಿನಲ್ಲಿ ಆಪರೇಟರ್. ಅವಳ ಕಂಪ್ಯೂಟರಿನ ಡಬ್ಬಿ ತೆರೆದಿತ್ತು. ಬಿಸಿಯಾಗದಿರಲೆಂದು ಅದಕ್ಕೇ ಟೇಬಲ್ ಫ್ಯಾನು ತಿರುಗಿಸಿದ್ದಳು. ಪರದೆಯ ಮೇಲೆ ಶೇಕಡಾ 91. ಪಕ್ಕದಲ್ಲೇ ಡಿಸ್ಕು.

"ಯಾತಕ್ಕ ಬಂದೀವಿ ಗೊತ್ತಾತೇನು ತಂಗಿ?"

"ಗೊತ್ತಾತ್ರಿ. ಒಂದೇ ಮದುವಿ ಕಾಪಿ ಮಾಡ್ಕೊಂಡೀನಿ. ನಾಳೆ ತಿರುಗಿ ಇಟ್ಟು ಬರಾಕಿ ಇದ್ದೆ."

"ಮಷೀನ್ ಏನು ಮಾಡಾಕತ್ತದ?"

"ವಿಡಿಯೊ ದೊಡ್ಡದು, ಫೋರ್‌ಕೆ ಮಾಡಾಕತ್ತದ್ರಿ. ಹನ್ನೊಂದು ನಿಮಿಷದ್ದು, ನಿನ್ನೆ ಸಂಜಿಯಿಂದ." ಅವಳು ಪರದೆಯತ್ತಲೇ ನೋಡುತ್ತಿದ್ದಳು. "ಹೆಣ್ಣು ಒಪ್ಪಿಸುವಾಗ ಅಪ್ಪ ಊದತಿದ್ದ ನಾದ ಅದು. ಅದರಾಗ ಒಂದು ಸ್ವರ ಅತ್ತಂಗ ಬಗ್ಗತದ. ನಾ ಊದಿದ್ರ ಮುರೀತದ. ಹ್ಯಾಂಗಂತ ಕೇಳಿದ್ರ, ಆರಾಮಾಗ್ಲಿ ತೋರಸ್ತೀನಿ ಅಂದಿದ್ದ."

"ಮದುವಿ ಡಿವಿಡಿ ಇರಲಿಲ್ಲೇನು?"

"ಇತ್ತು. ಅದನ್ನ ದೊಡ್ಡದು ಮಾಡಿದ್ರ ಕಂಪ್ಯೂಟರ್ ಅಪ್ಪನ ಒಂದು ಕೈಗೆ ಆರು ಬೆರಳು ಕೊಟ್ಟಿತು. ಖಾಜಾ ಚಾಚಾನ ಹತ್ರ ಇರೋದು ಮೂಲದ ಎಚ್‌ಡಿ. ಅದರಾಗ ಬೆರಳು ಖರೇನ ಕಾಣ್ತಾವ. ಇನ್ನೂ ದೊಡ್ಡದು ಮಾಡಿ, ಕೈ ಅಷ್ಟೇ ಕತ್ತರಿಸಿ ನೋಡ್ಬೇಕಂತ." ಡಿಸ್ಕನ್ನು ಬಸಲಿಂಗನತ್ತ ಸರಿಸಿ ಹೇಳಿದಳು, "ಮದುವಿ ಮನಿಯವರು ಊರು ಬಿಟ್ಟಾರ. ಫೋನ್ ಎತ್ತಂಗಿಲ್ಲ."

ಬಸಲಿಂಗ ಗಡಿಯಾರ ನೋಡಿಕೊಂಡ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳನ್ನು ಬಂಧಿಸುವಂತಿಲ್ಲ. ಮಷೀನಿಗೆ ಇನ್ನೂ ಎರಡು ತಾಸು ಬೇಕಿತ್ತು.

"ಸಾಬಣ್ಣ, ಜಪ್ತಿ ಪಂಚನಾಮೆ ಪೂರ್ತಿ ಬರಿ. ವಯರಿನ ಬಣ್ಣ, ಸ್ಕ್ರೂ ಎಷ್ಟು, ಒಂದೂ ಬಿಡಬ್ಯಾಡ."

ಸಾಬಣ್ಣ ಅವನ ಮುಖ ನೋಡಿದ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ದುಂಡಗೆ ಅವನೆಂದೂ ಬರೆದಿರಲಿಲ್ಲ. ಡಿಸ್ಕು ಗುರುತಿಸಲು ಕರೆಸಿದ ಖಾಜಾಹುಸೇನ 4.20ಕ್ಕೆ ಬಂದು ಗೋಡೆಗೊರಗಿ ನಿಂತ.

5.02ಕ್ಕೆ ಮಷೀನಿನ ಕೆಲಸ ಮುಗಿಯಿತು. ಭಾರತಿ ಚಿತ್ರವನ್ನು ಕೈಯವರೆಗೆ ಕತ್ತರಿಸಿ, ವೇಗ ತಗ್ಗಿಸಿ ಹಚ್ಚಿದಳು. ಪರದೆ ತುಂಬ ವೆಂಕಪ್ಪನ ಕಪ್ಪು ಬೆರಳು, ಐದೇ. ಆ ಸ್ವರ ಬಂದಾಗ ಮೂರನೆಯ ಬೆರಳು ಮೇಲೇಳಲಿಲ್ಲ. ತೂತಿನ ಮೇಲಿಂದ ಮೆಲ್ಲಗೆ ಪಕ್ಕಕ್ಕೆ ಜಾರಿತು.

"ಜಾರಸ್ತಾನ," ಎಂದಳು ಭಾರತಿ. "ಎತ್ತಂಗೇ ಇಲ್ಲ."

ಆಮೇಲೆ ಮೊದಲಿನ ವೇಗದಲ್ಲಿ ಒಮ್ಮೆ ಹಚ್ಚಿದಳು. ಮದುವೆ ಮುಗಿದು ತನ್ನ ಅಕ್ಕನನ್ನು ಗಂಡನ ಮನೆಗೆ ಜೀಪು ಹತ್ತಿಸಿದ ದಿನ ಬಸಲಿಂಗ ಅದರ ಬಾಗಿಲು ಬಿಡದೆ ಹಿಡಿದು ನಿಂತಿದ್ದ. ಅದು ಈಗ ಅವನಿಗೆ ನೆನಪಾಯಿತು.

"ಇದನ್ನ ಹಿಡಿದಾಂವ ನಾನೇ," ಎಂದ ಖಾಜಾಹುಸೇನ. "ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸಾಹೇಬ್ರ, ಕೇಸು ಬ್ಯಾಡ್ರಿ."

"ಎಫ್‌ಐಆರ್ ಆಗ್ಯಾದ. ಏನಿದ್ರೂ ಕೋರ್ಟಿನಾಗ ಹೇಳ್ರಿ."

5.25ಕ್ಕೆ ಬಂಧನ. ತಾಯಿ ಮೌನಮ್ಮನಿಗೆ ವಿಷಯ ತಿಳಿಸಿ ಸಹಿ ಪಡೆದರು.

"ರಾತ್ರಿ ಎಲ್ಲಿ ಇಡ್ತೀರಿ?" ಎಂದು ಕೇಳಿದಳು ಮುದುಕಿ.

"ನಾ ಜೊತಿಗೇ ಇರ್ತೀನಿ ಅವ್ವಾ," ಎಂದಳು ಅರ್ಜುಮಂದ.

ಮರುದಿನ ನ್ಯಾಯಾಲಯ ಜಾಮೀನು ಕೊಟ್ಟಿತು. ಜಾಮೀನುದಾರನಾಗಿ ನಿಂತವನು ಖಾಜಾಹುಸೇನನೇ. ಬಸಲಿಂಗ ಠಾಣೆಗೆ ಮರಳಿ ಕೇಸ್ ಡೈರಿ ಬರೆಯಲು ಕೂತ. ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ 'ಸ್ವಂತ ಲಾಭ' ಎಂದು ಬರೆದು, ಹೊಡೆದುಹಾಕಿ, ಕೆಳಗೆ ಹೀಗೆ ಬರೆದ: 'ತಂದೆ ಕಲಿಸದೆ ಬಿಟ್ಟುಹೋದ ಪಾಠವನ್ನು ಕಲಿಯುವ ಸಲುವಾಗಿ.'

ಸಾಬಣ್ಣ ಅದನ್ನು ಎರಡು ಸಲ ಓದಿ, ಠಾಣೆಯ ಮುದ್ರೆ ಒತ್ತಿದ.