ಭಾನುವಾರಕ್ಕೆ ಅರವತ್ತು ಸೈನಿಕರು

ಐವತ್ತೊಂಬತ್ತು ತಲೆ ಕತ್ತರಿಸಿ ಒಂದು ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದ, ಪುಣ್ಯಾತ್ಮ. ಮೆಣಸಿನ ಕಾಳಿನಷ್ಟು ಪ್ಲಾಸ್ಟಿಕ್ ತಲೆಗಳು, ಆದರೂ ಒಂದೊಂದಕ್ಕೂ ಮೂಗು, ಹುಬ್ಬು, ತುಟಿ ಎಲ್ಲ ಇತ್ತು. ಆ ಜಾಗಕ್ಕೆ ಮುಚ್ಚಿದ ಹೆಲ್ಮೆಟ್ ಅಂಟಿಸಿಕೊಂಡು ಇಡೀ ಸೈನ್ಯ ಮೇಜಿನ ಮೇಲೆ ನಿಂತಿತ್ತು. ಬುಧವಾರ ಸಂಜೆ ಕೆಲಸ ಮುಗಿಸಿ ಕ್ಲಬ್ಬಿನ ಮೆಟ್ಟಿಲು ಹತ್ತಿ ಬಂದ ಅವಳಿಗೆ ಮೊದಲು ಕಂಡದ್ದೇ ಆ ಡಬ್ಬಿ.

“ಏನೋ ಇದು?”

“ಗಾಳಿನೇ ಇಲ್ಲದ ಗ್ರಹದಲ್ಲಿ ಬರಿತಲೆಯಲ್ಲಿ ಯಾರು ಓಡಾಡ್ತಾರೆ?” ಅಂದ ಅವನು, ಕಣ್ಣೆತ್ತದೆ. “ಭಾನುವಾರ ಬೆಳಿಗ್ಗೆ ಪಂದ್ಯ. ಮುಖ ಬರೀತಾ ಕೂತರೆ ಮುಗಿಯಲ್ಲ ಮೇಡಂ.”

ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಅವರ ಕ್ಲಬ್ಬು. ಹೆಬ್ಬೆರಳಿನಷ್ಟೆತ್ತರದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ, ಇನ್ಯಾವುದೋ ಗ್ರಹದ ಯುದ್ಧ ಆಡುವ ದೊಡ್ಡವರ ಕೂಟ. ಹೊರಗಿನವರು ನಗುತ್ತಾರೆ, ನಗಲಿ ಬಿಡಿ. ಅವಳು ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುವವಳು, ಅದಕ್ಕೇ ಇಲ್ಲಿ ಹಲ್ಲು ಮೇಡಂ. ಅವನದು ಅಪ್ಪನ ಕಾಲದ ವಾಚ್ ರಿಪೇರಿ ಅಂಗಡಿ, ಹಾಗಾಗಿ ಎಲ್ಲರ ಬಾಯಲ್ಲೂ ಟಿಕ್‌ಟಿಕ್. ಎರಡು ವರ್ಷದಿಂದ ಇಬ್ಬರೂ ಜೋಡಿ. ಒಂದೇ ಸೈನ್ಯ, ಅರ್ಧಕ್ಕೆ ಬಣ್ಣ ಇವಳದು, ಅರ್ಧಕ್ಕೆ ಅವನದು.

ಜೋಡಿ ಅಂದರೆ ಆಟದ ಜೋಡಿ ಅಷ್ಟೇ. ಅದರಾಚೆಗಿನ ಮಾತು ಇಬ್ಬರೂ ಬಾಯಿ ಬಿಟ್ಟು ಆಡಿರಲಿಲ್ಲ. ಆದರೆ ಬಣ್ಣ ಹಚ್ಚುತ್ತಾ ಹಚ್ಚುತ್ತಾ ಅವನು ಕಣ್ಣಿನ ಭೂತಗನ್ನಡಿ ಹಣೆಗೆ ಸರಿಸಿ, ತಲೆ ಸ್ವಲ್ಪ ಓರೆ ಮಾಡಿ ಅವಳ ಕಡೆ ನೋಡುತ್ತಿದ್ದನಲ್ಲ, ಅವಳು ನೋಡಿದೊಡನೆ ಬ್ರಷ್ಷಿನ ತುದಿಯಲ್ಲಿ ಏನೋ ಕಸ ಇದ್ದವನಂತೆ ಊದುತ್ತಿದ್ದನಲ್ಲ, ಅದನ್ನು ನೋಡಿ ನೋಡಿ ಕ್ಲಬ್ಬಿನ ಗೋಡೆಗಳಿಗೂ ವಿಷಯ ಗೊತ್ತಾಗಿಹೋಗಿತ್ತು. ಅವಳಿಗೂ ಗೊತ್ತಿತ್ತು. ಅವನು ಹೇಳಲಿ ಅಂತ ಕಾದಿದ್ದಳು.

ಈ ಸೈನ್ಯಕ್ಕೆ ಎರಡು ತಿಂಗಳ ಹಿಂದೆ ಅವರು ಹಾಕಿಕೊಂಡಿದ್ದ ಯೋಜನೆಯೇ ಬೇರೆ. ಒಬ್ಬೊಬ್ಬನಿಗೂ ಬೇರೆ ಬೇರೆ ಮುಖ. ಒಬ್ಬ ನಿದ್ದೆಗಣ್ಣಿನವನು, ಒಬ್ಬ ಮುಂಗೋಪಿ, ಒಬ್ಬನಿಗೆ ಹಲ್ಲುನೋವು. ಅವಳು ಪಟ್ಟಿ ಬರೆದು ಅವನು ನಕ್ಕು, ತಲಾ ಮೂವತ್ತು ಅಂತ ಹಂಚಿಕೊಂಡಿದ್ದರು. ಆಮೇಲೆ ಅವನು ಇವತ್ತು ಬೇಡ, ನಾಳೆ ನೋಡೋಣ ಅಂತ ತಳ್ಳುತ್ತಾ ಬಂದ. ಬಣ್ಣ ಹಚ್ಚದ ಒಬ್ಬ ಸೈನಿಕನಿದ್ದರೂ ಆ ಸೈನ್ಯ ಮೇಜು ಹತ್ತುವಂತಿಲ್ಲ ಅನ್ನುವುದು ಪಂದ್ಯದ ನಿಯಮ. ಈಗ ಉಳಿದಿರುವುದು ಮೂರೇ ದಿನ.

ಇದಿಷ್ಟೇ ಆಗಿದ್ದರೆ ಅವಳು ಎರಡು ಮಾತು ಬೈದು ಬ್ರಷ್ ಹಿಡಿಯುತ್ತಿದ್ದಳು. ಆದರೆ ಸೋಮವಾರ ಬೇರೆಯದೇ ಒಂದು ಮಾತು ಆಗಿತ್ತು. ಲ್ಯಾಬಿನವರು ದೂರದ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು, ಅದನ್ನು ನೋಡಿಕೊಳ್ಳಲು ಅವಳನ್ನೇ ಕೇಳಿದ್ದರು. ಏನು ಮಾಡಲಿ ಅಂತ ಅವಳು ಅವನನ್ನು ಕೇಳಿದಳು. ಅವನು ತನ್ನ ಅಂಗಡಿಯ ಗಾಜಿನ ಆಚೆ ರಸ್ತೆ ನೋಡುತ್ತಾ, ಹೋಗು, ಒಳ್ಳೇ ಅವಕಾಶ, ಬಿಡಬೇಡ ಅಂದುಬಿಟ್ಟ. ದಾರಿಹೋಕರಿಗೆ ಬಸ್ ಸ್ಟಾಪ್ ತೋರಿಸುವವನ ಹಾಗೆ.

ಇವಳ ಬುದ್ಧಿ ನೋಡಿ. ಮಂಗಳವಾರ ಮಧ್ಯಾಹ್ನ ಲ್ಯಾಬಿನವರಿಗೆ ‘ನಾನು ಹೋಗುವುದಿಲ್ಲ, ಬೇರೆಯವರನ್ನು ಕಳಿಸಿ’ ಅಂತ ಬರೆದು ಕಳಿಸಿದಳು. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, ಹೋಗು ಅಂದವನಿಗೋಸ್ಕರ ಉಳಿಯೋಳು ನೀನೊಬ್ಬಳೇ ಇರಬೇಕು ಅಂತ ಅಕ್ಕ ಚೆನ್ನಾಗಿ ಝಾಡಿಸಿದಳು. ಅವನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾನೆ. ಯಾಕೆ ಅಂತ ಹೇಳಿದ ಮೇಲೂ ಹೋಗು ಅಂದರೆ?

ಹಾಗಾಗಿ ಆ ಡಬ್ಬಿಯ ತಲೆಗಳನ್ನು ನೋಡಿದಾಗ ಅವಳಿಗೆ ಅನ್ನಿಸಿದ್ದು ಒಂದೇ. ಇವನಿಗೆ ಬೇಗ ಮುಗಿಸಬೇಕಾಗಿದೆ. ಸೈನ್ಯವನ್ನೂ, ನನ್ನನ್ನೂ.

ಗುರುವಾರ, ಶುಕ್ರವಾರ ಬೇಗ ಬೇಗ ಕೆಲಸ ನಡೆಯಿತು. ಮರದ ಪಟ್ಟಿಗೆ ಅಂಟುಟೇಪು ಹಾಕಿ ಐದೈದು ಸೈನಿಕರನ್ನು ನಿಲ್ಲಿಸಿದರು. ಅವನು ಮಾಳಿಗೆಗೆ ಒಯ್ದು ಎಲ್ಲಕ್ಕೂ ಬೂದುಹಸಿರು ಸ್ಪ್ರೇ ಹೊಡೆದು ತಂದ. ಅದರ ಮೇಲೆ ತೆಳುವಾದ ಕಂದು ಬಣ್ಣ ಸುರಿದಂತೆ ಹಚ್ಚಿದರೆ ಸಂದುಗೊಂದಿಗೆಲ್ಲ ತಾನೇ ಇಳಿದು ನೆರಳಾಗುತ್ತದೆ. ಒಣಗಿದ ಮೇಲೆ ದಪ್ಪ ಬ್ರಷ್ಷಿಗೆ ತಿಳಿಬಣ್ಣ ತಾಗಿಸಿ, ಮುಕ್ಕಾಲು ಪಾಲು ಟಿಶ್ಯೂಗೆ ಒರೆಸಿ, ಧೂಳು ಹೊಡೆದ ಹಾಗೆ ಮೇಲಿಂದ ಸವರಿದರೆ ಅಂಚುಗಳೆಲ್ಲ ಮಿಂಚುತ್ತವೆ. ಸವರುವ ಕೆಲಸವನ್ನು ಅವನೇ ತೆಗೆದುಕೊಂಡ. ಭುಜದ ಕಿತ್ತಳೆ ಪಟ್ಟಿ, ಬಂದೂಕಿನ ತುದಿ, ಹೆಲ್ಮೆಟ್ಟಿನ ಕೆಂಪು ಗೀಟು ಎಲ್ಲ ಅವಳ ಪಾಲಿಗೆ ಬಂತು. ಸಣ್ಣದೆಲ್ಲ ನನಗೆ ತಳ್ಳಿ ತಾನು ಬೀಸಾಡಿಕೊಂಡು ಮುಗಿಸುತ್ತಿದ್ದಾನೆ ಅಂತ ಅವಳು ಒಳಗೊಳಗೇ ಕುದಿದಳು. ನಡುವೆ ಅವಳು ಚಹಾ ತಂದಿಟ್ಟರೆ ಅವನು ಅದನ್ನೂ ಮುಟ್ಟಲಿಲ್ಲ, ಆಮೇಲೆ ಕುಡೀತೀನಿ ಅಂದ.

ಶನಿವಾರ ಬೆಳಿಗ್ಗೆಯಿಂದ ಕೂತು ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಜನರ ಬುಡಕ್ಕೆ ಮರಳು ಅಂಟಿಸುವುದು ಉಳಿಯಿತು. ಅದು ಬಿಟ್ಟರೆ ಕ್ಯಾಪ್ಟನ್ ಒಬ್ಬ. ಅವನ ತಲೆ ಮೈ ಜೊತೆಗೇ ಅಚ್ಚಾಗಿತ್ತು, ಕತ್ತರಿಸಲು ಹೋದರೆ ಭುಜವೂ ಕಿತ್ತುಬರುತ್ತಿತ್ತು. ಇಡೀ ಸೈನ್ಯದಲ್ಲಿ ಉಳಿದ ಒಂದೇ ಮುಖ. ಹಂಚಿಕೆಯ ದಿನ ಚೀಟಿ ಎತ್ತಿದಾಗ ಟಿಕ್‌ಟಿಕ್‌ನ ಪಾಲಿಗೆ ಬಂದದ್ದು.

“ಇದನ್ನೂ ನೀನೇ ಮಾಡು,” ಅಂತ ಅವನು ಕ್ಯಾಪ್ಟನನ್ನು ಅವಳ ಕಡೆ ಸರಿಸಿದ.

ಅವಳು ವಾಪಸ್ಸು ಸರಿಸಿದಳು. “ನಿನ್ನ ಪಾಲಿನದು. ಮೂರು ದಿನದಿಂದ ಬೇಗ ಬೇಗ ಅಂತ ಓಡಿಸಿದೀಯ. ಐದು ನಿಮಿಷ ಕೂತು ಇದೊಂದು ಮುಖ ಬರಿ.”

“ಬೇಡ ಬಿಡೇ.”

“ನನ್ನ ಜೊತೆ ಐದು ನಿಮಿಷ ಕೂರೋದಕ್ಕೂ ಬೇಡವಾದೆನಾ ನಾನು?”

ಅವನು ಅವಳನ್ನೇ ನೋಡಿದ. ವಾರದಿಂದ ತಪ್ಪಿಸುತ್ತಿದ್ದ ಕಣ್ಣು ಈಗ ನೇರವಾಗಿ ಬಂತು, ಅದರಲ್ಲಿ ಇದ್ದದ್ದು ಸೊಕ್ಕಲ್ಲ. ಅತಿ ಸಣ್ಣ ಬ್ರಷ್ ತೆಗೆದುಕೊಂಡ. ಎರಡೂ ಮೊಣಕೈ ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಕಪ್ಪು ಬಣ್ಣದ ತುದಿಯನ್ನು ಕ್ಯಾಪ್ಟನ್ನಿನ ಕಣ್ಣಿಗೆ ತಂದ. ಬೆರಳು ನಡುಗಿತು. ಕಣ್ಣಿನಿಂದ ಗಲ್ಲದವರೆಗೆ ಕಪ್ಪು ಗೀಟು ಬಿತ್ತು. ಒದ್ದೆ ಬ್ರಷ್ಷಿನಿಂದ ಒರೆಸಿ ಮತ್ತೆ ಬರೆಯಹೋದ, ಗೀಟು ಕಿವಿಗೆ ಹೋಯಿತು. ಮೂರನೇ ಸಲ ಬ್ರಷ್ಷೇ ತಗುಲಿ ಕ್ಯಾಪ್ಟನ್ ಮಕಾಡೆ ಬಿದ್ದ.

ಅವಳು ಬಿದ್ದ ಕ್ಯಾಪ್ಟನನ್ನು ಎತ್ತಿ ನಿಲ್ಲಿಸಿದಳು. ಹೆಲ್ಮೆಟ್ಟು ಯಾಕೆ, ದಪ್ಪ ಬ್ರಷ್ ಯಾಕೆ, ಆರಿಹೋದ ಚಹಾ ಯಾಕೆ ಅಂತ ಯಾರೂ ಹೇಳಬೇಕಾಗಲಿಲ್ಲ. ಹಲ್ಲಿನ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಹಿಡಿಯುವ ಕಣ್ಣು ತನ್ನದು ಅಂತ ಜಂಬ ಬೇರೆ. ಎದುರಿಗೇ ಕೂತವನ ಕೈ ಕಾಣಲಿಲ್ಲವಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಯಾವಾಗಿಂದ?”

ನಾಲ್ಕು ತಿಂಗಳಾಯಿತು ಅಂದ. ನಿಧಾನಕ್ಕೆ ಎಲ್ಲ ಹೇಳಿದ. ಡಾಕ್ಟರು ಜೀವಕ್ಕೇನೂ ಅಪಾಯವಿಲ್ಲ ಅಂದಿದ್ದರು, ವಾಸಿಯಾಗುತ್ತದೆ ಅಂತಲೂ ಅಂದಿರಲಿಲ್ಲ. ಕೈ ನಡುಕ ಮಾತ್ರೆಗೆ ಸ್ವಲ್ಪ ತಗ್ಗುತ್ತದೆ, ಹೀಗೇ ಇರಬಹುದು, ಹೆಚ್ಚಲೂಬಹುದು. ಆ ಮಾತ್ರೆ ನಂಬಿಯೇ ಅವನು ಮೂವತ್ತು ಮುಖಕ್ಕೆ ಒಪ್ಪಿದ್ದ. ವಾಚಿನ ಒಳಗಿನ ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಅವನು ಮುಟ್ಟದೆ ಮೂರು ತಿಂಗಳು ಕಳೆದಿತ್ತು. ಎಪ್ಪತ್ತು ದಾಟಿದ ಅಪ್ಪ ಮತ್ತೆ ಬಂದು ಅಂಗಡಿಯಲ್ಲಿ ಕೂತಿದ್ದರು. ಗಿರಾಕಿಗಳ ಎದುರು ಮಗ ರಸೀದಿ ಬರೆಯುತ್ತಾನೆ, ಪರದೆಯ ಹಿಂದೆ ಅಪ್ಪ ರಿಪೇರಿ ಮಾಡುತ್ತಾರೆ.

“ಮುಖ ಎಲ್ಲಾ ನೀನೇ ಬರಿ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ಅದಕ್ಕೇ ತಲೆನೇ ತೆಗೆದೆ,” ಅಂದ.

“ನನಗೆ ಹೇಳೋಕೇನಾಗಿತ್ತು?”

“ಹೇಳಿದ್ರೆ ನೀನು ಉಳ್ಕೋತಿದ್ದೆ. ಆಮೇಲೆ ಇವಳು ಪ್ರೀತಿಗೆ ಉಳಿದಳೋ, ಅಯ್ಯೋ ಪಾಪ ಅಂತ ಉಳಿದಳೋ ಅಂತ ಜೀವಮಾನ ಪೂರ್ತಿ ನಾನು ಒದ್ದಾಡಬೇಕಿತ್ತು. ಎರಡು ವರ್ಷದಿಂದ ನಿನ್ನನ್ನ ಪ್ರೀತಿಸ್ತಿದೀನಿ ಕಣೇ. ನಿನ್ನ ಕರುಣೆ ಮಾತ್ರ ನನ್ನಿಂದ ತಡ್ಕೊಳ್ಳೋಕಾಗಲ್ಲ.”

ಎರಡು ವರ್ಷ ಕಾದ ಮಾತು ಹೀಗೆ, ಬೈಗುಳ ಕೇಳಿಸಿಕೊಂಡವನ ದನಿಯಲ್ಲಿ ಬಂತು. ಅವಳಿಗೆ ಸಂತೋಷಪಡಲೂ ಆಗಲಿಲ್ಲ. ಫೋನ್ ತೆಗೆದು ಮಂಗಳವಾರದ ಸಂದೇಶ ತೆರೆದು ಅವನ ಮುಂದೆ ಇಟ್ಟಳು.

“ಓದು. ತಾರೀಖೂ ಓದು.”

ಓದಿದ. ಸರಿಯಾಗಿ ಓದಿದೆನೋ ಇಲ್ಲವೋ ಅಂತ ಮತ್ತೆ ಓದಿದ.

“ಮಂಗಳವಾರ ನಿನ್ನ ಕೈ ವಿಷಯ ನನಗೆ ಗೊತ್ತಿತ್ತಾ?” ಅಂತ ಕೇಳಿದಳು. “ಆವತ್ತು ನನ್ನ ಪಾಲಿಗೆ ನೀನು ಹೋಗು ಅಂದ ಸೊಕ್ಕಿನವನು, ಅಷ್ಟೇ. ಅಂಥವನಿಗೋಸ್ಕರ ಬೇಡ ಅಂತ ಬರೆದೆ. ಪಾಪ ಅನ್ನಿಸೋ ಹಾಗೆ ಆವತ್ತು ನಿನ್ನ ಹತ್ರ ಏನಿತ್ತು ಹೇಳು?”

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಿ ಮೂಗಿಗೆ ಕಿತ್ತಳೆ ಬಣ್ಣ ಮೆತ್ತಿಕೊಂಡಳು. ಅವನಿಗೆ ನಗು ಬಂತು, ಅರ್ಧಕ್ಕೇ ನಿಂತಿತು.

“ನನಗೂ ಹೆದರಿಕೆ ಆಗ್ತಿದೆ,” ಅಂದಳು. “ಸುಳ್ಳು ಹೇಳಲ್ಲ. ಮುಂದಿನ ವರ್ಷ ಈ ಕೈ ಹೇಗಿರುತ್ತೋ, ಅಂಗಡಿ ಏನಾಗುತ್ತೋ, ನಂಗೊತ್ತಿಲ್ಲ. ಆದರೆ ಹೆದರೋದಿದ್ರೆ ನನ್ನನ್ನೂ ಕರೆದು ಹೆದರು. ನನ್ನ ಪಾಲಿನ ನಿರ್ಧಾರ ನೀನು ಮಾಡಬೇಡ.”

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಅವನು ತನ್ನ ಬಲಗೈಯನ್ನು ಮೇಜಿನ ಮೇಲೆ, ಅವಳಿಗೆ ಕಾಣುವ ಹಾಗೆ ಇಟ್ಟ. ಬೆರಳುಗಳು ಅದರ ಪಾಡಿಗೆ ಅದುರುತ್ತಿದ್ದವು. ಅವಳು ಅದನ್ನು ಹಿಡಿದು ನಿಲ್ಲಿಸಲು ಹೋಗಲಿಲ್ಲ. ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟಳು.

“ಹೋಗಬೇಡ,” ಅಂದ ಅವನು.

ಹೋಗುವುದಿಲ್ಲ ಅಂತ ಬರೆದು ನಾಲ್ಕು ದಿನವಾಗಿತ್ತು, ಅವನೂ ಈಗಷ್ಟೇ ಓದಿದ್ದ. ಆದರೂ ಆ ಮಾತು ಅವಳಿಗೆ ಬೇಕಿತ್ತು.

“ಇನ್ನೊಂದು ಸಲ ಹೇಳು.”

“ಹೋಗಬೇಡ ಕಣೇ.”

“ಸರಿ, ಹೋಗಲ್ಲ,” ಅಂದಳು ಅವಳು, ಈಗಷ್ಟೇ ಯೋಚಿಸಿ ಉತ್ತರ ಕೊಡುತ್ತಿರುವವಳ ಹಾಗೆ.