ಲೈನ್‌ಮನ್ ಹೇಳಿದ ಹೆಸರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆ ನನ್ನ ಸಾರಿಗೆ ಹಲ್ಲಿ ಬೀಳಲಿ. ಅನುಮಾನವಿದ್ದರೆ ಎಚ್.ಡಿ. ಕೋಟೆ ಬಸ್‌ಸ್ಟ್ಯಾಂಡಿನ ಈ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿರುವ ನಂಜಣ್ಣನನ್ನು ಕೇಳಿ. ಎಲ್ಲಾ ಅವನ ಕಣ್ಣೆದುರೇ ನಡೆದದ್ದು. ಸುಳ್ಳುಸಾಕ್ಷಿ ಹೇಳುವ ಆಸಾಮಿಯಲ್ಲ. ಕೋರ್ಟಿನಲ್ಲಿ ಹೇಳಿದ್ದಾನೆ, ಅದು ಬೇರೆ ವಿಷಯ.

ಎಚ್ಚರಿಕೆ ಕೊಟ್ಟವನೂ ಇವನೇ. ಬಾಗಲಕೋಟೆ ಕಡೆಯ ಮಲ್ಲೇಶ್ ಲೈನ್‌ಮನ್ ಆಗಿ ಎನ್. ಬೇಗೂರು ದಾರಿಯಲ್ಲಿರುವ ನಮ್ಮೂರಿಗೆ ಬಂದು, ನಂಜಣ್ಣನ ಹೊರಕೋಣೆ ಬಾಡಿಗೆಗೆ ಹಿಡಿದ. ಟ್ರಂಕು ಇನ್ನೂ ಹೆಗಲ ಮೇಲಿತ್ತು. ಆಗಲೇ ನಂಜಣ್ಣ ಹೇಳಿದ:

"ಯಾರ ಮನೇಲಾರ ಉಣ್ಣಪ್ಪ, ಬ್ಯಾಡ ಅನ್ನಕಿಲ್ಲ. ಆ ಮೂಲೆ ಮನೆ ಶಿವರುದ್ರಮ್ಮನ ಕೈಲಿ ಮಾತ್ರ ಒಂದ್ ಲೋಟ ನೀರೂ ಈಸ್ಕಬ್ಯಾಡ. ಅವಮ್ಮ ಮದ್ದಿಕ್ತಳೆ."

ಮದ್ದಿಕ್ಕುವುದು ಅಂದರೆ ಉಗುರಿನ ಸಂದಿಯಲ್ಲಿ ಅಡಗಿಸಿಟ್ಟಿದ್ದನ್ನು ಊಟದೊಳಗೆ ತೂರಿಸುವುದು. ತಿಂದವನು ಅಲ್ಲೇ ಸಾಯುವುದಿಲ್ಲ. ಅಷ್ಟು ಸಲೀಸಾಗಿದ್ದರೆ ಯಾರು ಹೆದರುತ್ತಿದ್ದರು? ಹೊಟ್ಟೆ ಉಬ್ಬುತ್ತದೆ, ಮೈ ಕರಗುತ್ತದೆ, ಇಕ್ಕಿದವರ ಮನೆಯ ಅನ್ನ ಬಿಟ್ಟು ಬೇರೆ ಅನ್ನವೆಲ್ಲ ಮಣ್ಣಿನಂತಾಗುತ್ತದೆ.

ಮಲ್ಲೇಶ್ ಟ್ರಂಕು ಇಳಿಸಿ ನಕ್ಕ.

"ಹನ್ನೊಂದು ಸಾವಿರ ವೋಲ್ಟಿನ ವಾಯರ್ ಹಿಡಿಯಾಂವ ಅದೀನ್ರಿ ನಾ. ಮುದುಕಿ ಉಗುರಿಗೆ ಅಂಜ್ತೀನೇನ್ರಿ?"

ನಮ್ಮೂರಿನವರು ಕೆಟ್ಟವರಲ್ಲ. ಕರೆಂಟು ಹೋದಾಗ ನಾವೇ ಹುಡುಕಿಕೊಂಡು ಹೋಗಿ ಮಾತಾಡಿಸುತ್ತೇವೆ. ಆದರೆ ಎರಡು ತಿಂಗಳಾದರೂ ಅವನ ಹೆಸರೇನು ಅಂತ ಒಬ್ಬರೂ ಕೇಳಿರಲಿಲ್ಲ. ಲೈನ್‌ಮನ್ನು, ಅಷ್ಟೇ. ಹೋಟೆಲಿನಲ್ಲಿ ಮೊದಲ ದಿನ ಅವನು ರಾಗಿಮುದ್ದೆಯನ್ನು ಅಗಿದು ತಿಂದ. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅವನ ದವಡೆ ನೋಡಿದರು. ಯಾರೋ ನಕ್ಕರು. ಮಾರನೆಯ ದಿನದಿಂದ ಅವನು ಕೋಣೆಯಲ್ಲೇ ಕೂತು ಬನ್ನು ತಿನ್ನತೊಡಗಿದ. ಸಂಜೆ ಅವ್ವನಿಗೆ ಫೋನ್ ಮಾಡಿ, ಆರಾಮ ಅದೀನಿ, ಊಟ ಆತು ಅನ್ನುತ್ತಿದ್ದ. ಫೋನ್ ಇಟ್ಟಮೇಲೆ ಆ ಕೋಣೆಯಿಂದ ಬನ್ನಿನ ಕವರು ಹರಿಯುವ ಸದ್ದು ಬರುತ್ತಿತ್ತು. ನಂಜಣ್ಣನ ಮನೆಯ ಗೋಡೆ ತೆಳು.

ಒಂದು ದಿನ ಶಿವರುದ್ರಮ್ಮನ ಮನೆಯ ವೈರು ಸರಿಮಾಡಲು ಹೋಗಬೇಕಾಯಿತು. ಹೊರಗೆ ಸುಡುವ ಬಿಸಿಲು. ಹೊಸ್ತಿಲು ದಾಟಿದರೆ ಬಾವಿಯೊಳಗಿಳಿದಂಥ ಕತ್ತಲು. ಮಸಿಯ ವಾಸನೆ, ಹಳೆಯ ಹುಣಸೆಯ ಹುಳಿವಾಸನೆ, ಅಟ್ಟದಲ್ಲಿ ಮುಗ್ಗಿದ ಹೊಗೆಸೊಪ್ಪಿನ ಘಾಟು. ಮುದುಕಿ ತಟ್ಟೆ ಹಾಕಿದಳು. ಅವನು ಬೇಕೆಂದೇ, ಬಾಗಿಲು ತೆರೆದಿಟ್ಟು, ಬೀದಿಗೆ ಕಾಣುವ ಹಾಗೆ ಕೂತು ಉಂಡ. ನಿಮ್ಮೂರಲ್ಲಿ ಏನುಣ್ತೀರ ಮಗಾ ಅಂತ ಅವಳು ಕೇಳಿದಳು. ಜೋಳದ ರೊಟ್ಟಿ ಅಂದ.

ಮುಂದಿನ ವಾರ ಅವಳು ಸಂತೆಯಿಂದ ಜೋಳ ತಂದು ಬೀಸಿಸಿ ರೊಟ್ಟಿ ತಟ್ಟಿದ್ದಳು. ನಮ್ಮ ಕಡೆಯ ಕೈಗೆ ಜೋಳ ಬಗ್ಗುವುದಿಲ್ಲ. ರೊಟ್ಟಿ ನಾಲ್ಕು ಕಡೆ ಹರಿದಿತ್ತು, ಒಂದು ಕಡೆ ಕರಕಲು. ಮಲ್ಲೇಶ್ ಒಂದು ತುತ್ತು ಮುರಿದು ಬಾಯಿಗಿಟ್ಟವನು ಬಿಕ್ಕಿ ಬಿಕ್ಕಿ ಅತ್ತ. ಅವಳು ಎದುರಿಗೆ ಕೂತು ಪ್ರತಿ ತುತ್ತನ್ನೂ ನೋಡಿದಳು. ಆಗ ಅವಳ ಬಲಗೈ ಹೆಬ್ಬೆರಳು ಅವನ ಕಣ್ಣಿಗೆ ಬಿತ್ತು. ಉಗುರು ಕಪ್ಪು. ಸೀಗೆಬೀಜದಷ್ಟು ಕಪ್ಪು. ಅವನು ಕಣ್ಣು ತೆಗೆದು ಇನ್ನೊಂದು ರೊಟ್ಟಿ ಕೇಳಿದ.

ಒಂದು ತಿಂಗಳು ದಿನಾ ಅಲ್ಲೇ ಊಟ. ಅವ್ವಾ ಅಂತಲೇ ಕರೆಯುತ್ತಿದ್ದ. ಆಮೇಲೆ ಹೊಟ್ಟೆ ಉಬ್ಬಿತು.

ಮೊದಲು ಗುಡುಗುಡು. ಆಮೇಲೆ ನೋವು. ಕಂಬ ಹತ್ತಿದರೆ ಉಸಿರು ಕಟ್ಟುತ್ತಿತ್ತು. ಅಂಗಡಿ ಮುಂದೆ ಹೋದರೆ ಎಲ್ಲರೂ ಮೊದಲು ಅವನ ಹೊಟ್ಟೆ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಮೂರು ದಿನ ಅವನು ಏಳಲೇ ಇಲ್ಲ. ಆಗ ನೋಡಿ, ನಮ್ಮೂರಿನ ಒಳ್ಳೆಯತನ ಹೊರಗೆ ಬಂದದ್ದು. ಹೆಂಗಸರು ಮಜ್ಜಿಗೆ ತಂದರು. ಗಂಡಸರು ಸುತ್ತ ಕೂತರು. ಮೊದಲ ಸಲ ಯಾರೋ ಹೆಸರು ಕೇಳಿದರು, ಅದಾದ ಮೇಲೆ ಎಲ್ಲರ ಬಾಯಲ್ಲೂ ಮಲ್ಲೇಶ, ಮಲ್ಲೇಶ. ನಂಜಣ್ಣ ಹನಗೋಡಿಗೆ ಹೋಗಿ, ಮದ್ದು ತೆಗೆಯುವ ಪುಟ್ಟಸಿದ್ದಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ.

ನಂಜಣ್ಣನ ಜಗಲಿಯ ಮೇಲೆ ಊರಿಗೂರೇ ಸೇರಿತ್ತು. ಪುಟ್ಟಸಿದ್ದಮ್ಮ ಅವನ ಅಂಗೈಗೆ ಸೊಪ್ಪಿನ ರಸ ಹಿಂಡಿ, ಮೇಲೆ ಹಾಲು ಬಿಟ್ಟಳು. ಹಾಲು ಒಡೆಯಿತು. ಒಡೆದರೆ ಮದ್ದು ಇದೆ ಅಂತಲೇ ಲೆಕ್ಕ. ಕಹಿಯ ಒಂದು ಲೋಟವನ್ನು ಅವನ ಗಂಟಲಿಗೆ ಸುರಿದು ಕೇಳಿದಳು:

"ಯಾರ ಕೈಲಿ ಉಂಡಪ್ಪ? ಬಾಯ್ಬುಟ್ಟು ಹೆಸರೇಳು. ಹೆಸರು ಬರ್ದೆ ಮದ್ದು ಬರಕಿಲ್ಲ."

ಮಲ್ಲೇಶ್ ತಲೆ ಎತ್ತಿದ. ಜನರ ಹಿಂದೆ, ನಲ್ಲಿಯ ಹತ್ತಿರ ಶಿವರುದ್ರಮ್ಮ ನಿಂತಿದ್ದಳು. ಮೂರು ದಿನದಿಂದ ಉಣ್ಣಲು ಬಂದಿಲ್ಲವಲ್ಲ ಅಂತ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಬಂದಿದ್ದಳು. ಯಾರೋ ಅವನ ಬೆನ್ನು ಸವರುತ್ತಿದ್ದರು. ನಮ್ಮೂರಿಗೆ ಬಂದಮೇಲೆ ಅವನನ್ನು ಯಾರಾದರೂ ಮುಟ್ಟಿದ್ದು ಅದೇ ಮೊದಲು. ಸವರಿದ ಕೈ ನನ್ನದು. ಹೇಳ್ಬುಡ್ಲಾ ಅಂತ ಕಿವಿಯಲ್ಲಿ ಅಂದವನೂ ನಾನೇ. ಮುಚ್ಚಿಡುವುದು ಯಾಕೆ?

"ಶಿವರುದ್ರಮ್ಮ," ಅಂದ. ಅಷ್ಟು ಸಾಕಾಗಿತ್ತು. ಆದರೆ ಕೈಯೆತ್ತಿ ತೋರಿಸಿದ. "ಅಲ್ಲಿ ನಿಂತಾಳ್ರಿ. ಅಕಿನ ಹಾಕ್ಯಾಳ."

ತಕ್ಷಣ ವಾಂತಿಯಾಯಿತು. ಕಪ್ಪಗೆ, ಕೂದಲು ಸುತ್ತಿದ್ದ ಒಂದು ಉಂಡೆ. ಎಲ್ಲರೂ ಬಗ್ಗಿ ನೋಡಿದರು. ತಲೆ ಎತ್ತುವಷ್ಟರಲ್ಲಿ ನಲ್ಲಿಯ ಹತ್ತಿರ ಯಾರೂ ಇರಲಿಲ್ಲ.

ಅಲ್ಲಿಂದ ಹತ್ತು ದಿನ ಮಲ್ಲೇಶನಿಗೆ ಹಬ್ಬ. ದಿನಕ್ಕೊಂದು ಮನೆಯ ಊಟ. ಮುದ್ದೆ ನುಂಗುವುದನ್ನೂ ಕಲಿಸಿದೆವು. ಕಲಿತ. ನಮ್ಮೋನಾದೆ ಕಣ್ಲಾ ಅಂತ ಬೆನ್ನು ತಟ್ಟಿದೆವು. ಅವನು ನಗುತ್ತಿದ್ದ. ಆದರೆ ಮೂಲೆ ಮನೆಯ ಬೀದಿ ಬಿಟ್ಟು ಸುತ್ತುಬಳಸಿ ಓಡಾಡುತ್ತಿದ್ದ. ಆರನೆಯ ದಿನ ಗಾಳಿಗೆ ಶಿವರುದ್ರಮ್ಮನ ಮನೆಯ ವೈರು ಕಿತ್ತುಹೋಯಿತು. ಕತ್ಲಲ್ಲೇ ಇರ್ಲಿ ಬುಡು ಅಂದ ನಂಜಣ್ಣ. ಮಲ್ಲೇಶ್, ಹ್ಞೂಂರಿ ಅಂದ. ಅಂದವನು ಆ ಹೊತ್ತು ಯಾರ ಮುಖವನ್ನೂ ನೋಡಲಿಲ್ಲ.

ಏಳನೆಯ ದಿನ ಮಧ್ಯಾಹ್ನ. ಹೊಗೆಸೊಪ್ಪಿನ ಹೊಲದ ನಡುವೆ, ಲೈನ್ ಆಫ್ ಮಾಡಿಸಿ ಕಂಬ ಹತ್ತಿದ್ದ. ಗಾಳಿಯಿಲ್ಲ. ಹಕ್ಕಿಯಿಲ್ಲ. ದೂರದ ಬ್ಯಾರನ್ ಮನೆಯಲ್ಲಿ ಸೊಪ್ಪು ಬೇಯುವ ಸಿಹಿಘಾಟು ಮಾತ್ರ. ಸದ್ದು ಕೇಳಿಸಿತು. ಟಪ್. ಟಪ್. ಯಾರೋ ರೊಟ್ಟಿ ತಟ್ಟುವ ಸದ್ದು. ಕೆಳಗೆ ನೋಡಿದ. ಯಾರೂ ಇಲ್ಲ. ಟಪ್. ಟಪ್. ಹತ್ತಿರದಲ್ಲೇ. ತೀರಾ ಹತ್ತಿರ. ಗ್ಲೌಸು ಕಿತ್ತ. ಬಲಗೈ ಹೆಬ್ಬೆರಳು ಮಿಡಿಯುತ್ತಿತ್ತು. ಉಗುರಿನ ಬುಡದಿಂದ ಕಪ್ಪು ಏರುತ್ತಿತ್ತು. ಅವನು ನೋಡುತ್ತಿದ್ದ ಹಾಗೇ ಏರುತ್ತಿತ್ತು.

ಆಗ ಯಾರಿಗೂ ಹೇಳಲಿಲ್ಲ; ನನಗೆ ಗೊತ್ತಾದದ್ದು ಆಮೇಲೆ. ಬೆರಳಿಗೆ ಇನ್ಸುಲೇಷನ್ ಟೇಪು ಸುತ್ತಿಕೊಂಡ.

ಹತ್ತನೆಯ ದಿನ ಅಂಗಡಿ ಚಿಕ್ಕಬಸಪ್ಪನ ಮನೆಯಲ್ಲಿ ಊಟ. ಸಾಲಾಗಿ ಕೂತಿದ್ದೆವು. ಕೈ ತೊಳೆಯುವಾಗ ಟೇಪು ಬಿಚ್ಚಿಹೋಗಿತ್ತೋ ಏನೋ. ಅವನ ಬಲಗೈ ಮೆಲ್ಲಗೆ ತನ್ನ ಎಲೆ ದಾಟಿತು. ಅವನು ತಡೆದ. ನಿಲ್ಲಲಿಲ್ಲ. ಎಡಗೈಯಿಂದ ಹಿಡಿದೆಳೆದ. ನಿಲ್ಲಲಿಲ್ಲ. ಹೆಬ್ಬೆರಳು ಚಿಕ್ಕಬಸಪ್ಪನ ಸಾರಿನೊಳಗೆ ಮುಳುಗಿತು. ಮುಳುಗಿ, ಕಲಸಿತು.

ಚಿಕ್ಕಬಸಪ್ಪ ಎಲೆ ಮಡಚಿ ಎದ್ದ. ಅವನ ಹಿಂದೆ ಎಲ್ಲರೂ ಎದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಂಜೆಗೆ ನಂಜಣ್ಣ ಅವನ ಟ್ರಂಕನ್ನು ಹೊರಗಿಟ್ಟ. ಈಗ ನನ್ನ ಪಕ್ಕ ಕೂತು ಕೆಮ್ಮುತ್ತಿದ್ದಾನೆ ನೋಡಿ. ನೀರು ಕುಡಿಯಯ್ಯ.

ಮಲ್ಲೇಶ್ ಮೂಲೆ ಮನೆಗೆ ಹೋದ. ಬಾಗಿಲು ತೆರೆದಿತ್ತು. ಒಳಗೆ ಗವ್ವೆನ್ನುವ ಕತ್ತಲು, ಆರಿದ ಒಲೆಯ ಬೂದಿವಾಸನೆ. ಶಿವರುದ್ರಮ್ಮ ಒಲೆಯ ಪಕ್ಕ ಕೂತಿದ್ದಳು. ತಪ್ಪಾತು ಯವ್ವಾ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ನಿನ್ ಹೊಟ್ಟೇಲಿ ಏನೂ ಇರ್ನಿಲ್ಲ ಕಣ ಮಗಾ. ಆ ಉಂಡೆ ಪುಟ್ಟಸಿದ್ದಮ್ಮನ ಲೋಟದಲ್ಲೇ ಇದ್ದದ್ದು. ಈ ಊರ ನೀರು ಹೊಸಬ್ರ ಮೈಗೆ ಹಿಡಿಯಕೆ ನಾಕ್ ತಿಂಗ್ಳು ಬೇಕು. ಇನ್ನೊಂದ್ ಎಂಟ್ ದಿನ ತಡ್ಕಂಡಿದ್ರೆ ಸರಿಹೋಗದು."

ಅವನು ಕಪ್ಪು ಉಗುರು ತೋರಿಸಿದ.

"ನಾನು ಈ ಊರ್ಗೆ ಸೊಸೆಯಾಗಿ ಬಂದಾಗ ಈ ಮನೇಲಿ ಒಬ್ಬ ಅಜ್ಜಿ ಇದ್ಲು. ಅತ್ತೆ ಮನೇಲಿ ನಂಗೆ ಅರೆಹೊಟ್ಟೆ. ಅವ್ಳೇ ಕರ್ದು ಇಕ್ಕೋಳು. ನಂಗೂ ಹೊಟ್ಟೆ ನೋವು ಬಂತು. ಊರೋರು ಕೇಳುದ್ರು. ನಾನೂ ಅವಳ ಹೆಸರೇಳ್ಬುಟ್ಟೆ. ಅವತ್ತು ಎಲ್ಲಾರೂ ನನ್ನ ಮಗಳಂಗೆ ನೋಡ್ಕಂಡ್ರು." ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. "ಮದ್ದು ತಿಂದೋರಿಗೆ ಬರಕಿಲ್ಲ ಇದು. ಉಂಡ ಮನೆ ಹೆಸರೇಳ್ದೋರಿಗೆ ಬತ್ತದೆ. ನಲವತ್ ವರ್ಷ ಈ ಬೆರಳ ಹಿಡ್ಕಂಡ್ ಕೂತಿದ್ದೆ, ಯಾರಿಗೂ ತಾಗದಂಗೆ. ನೀನೂ ಹಿಡ್ಕೊ."

ಅವಳು ಕೈಯನ್ನು ಬಾಗಿಲ ಬೆಳಕಿಗೆ ಚಾಚಿದಳು. ಹೆಬ್ಬೆರಳಿನ ಉಗುರು ಮದುವಣಗಿತ್ತಿಯ ಉಗುರಿನಂತೆ ಕೆಂಪಗಿತ್ತು.

ಮಾರನೆಯ ದಿನವೇ ಬೀಗದ ಕೈಯನ್ನು ಅವನ ಅಂಗೈಗಿಟ್ಟು ಪಿರಿಯಾಪಟ್ಟಣದ ತಂಗಿಯ ಮನೆಗೆ ಹೋದಳು. ಅಲ್ಲಿ ತಂಗಿಯ ಮೊಮ್ಮಕ್ಕಳಿಗೆ ಕೈತುತ್ತು ಹಾಕುತ್ತಾಳಂತೆ. ಮಕ್ಕಳು ದಪ್ಪದಪ್ಪ ಆಗಿವೆಯಂತೆ.

ಮಲ್ಲೇಶ್ ವರ್ಗ ಕೇಳಲಿಲ್ಲ. ಯಾವ ಊರಿಗೆ ಹೋದರೂ ಬೆರಳು ಜೊತೆಗೇ ಬರುತ್ತದಲ್ಲ. ಊರಿಗೂ ಹೋಗುವುದಿಲ್ಲ, ಅವ್ವನ ತಟ್ಟೆಯ ಪಕ್ಕ ಕೂರುವುದು ಹೇಗೆ? ಆ ಮನೆಯಲ್ಲೇ ಇದ್ದಾನೆ. ಮಧ್ಯಾಹ್ನ ಎರಡು ತಟ್ಟೆ ಹಾಕಿ, ಬೆರಳಿಗೆ ಬಿಗಿಯಾಗಿ ಟೇಪು ಸುತ್ತಿ, ಬಾಗಿಲಲ್ಲಿ ಕಾಯುತ್ತಾನೆ. ಆ ಮೂಲೆ ಬಂದ ಕೂಡಲೇ ನಾವೆಲ್ಲ ಫೋನನ್ನು ಕಿವಿಗಿಟ್ಟುಕೊಳ್ಳುತ್ತೇವೆ.

ಹೋದ ಮಂಗಳವಾರ ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ.

"ಬರ್ರಿ ಅಣ್ಣಾರ," ಅಂದ. "ಒಂದ ರೊಟ್ಟಿ ತಿಂದ ಹೋಗ್ರಿ. ಬಾಳ ದಿನ ಆತು, ಒಬ್ಬಾಂವನ ಉಣ್ಣಾಕತ್ತಿ."

ಮುಖ ನೋಡಿದೆ. ಇಲ್ಲ ಅನ್ನಲು ಆಗಲಿಲ್ಲ. ಚಪ್ಪಲಿ ಬಿಟ್ಟೆ. ಒಳಗೆ ಹೋದೆ. ಕತ್ತಲು. ಹೊಗೆ. ಕೂತೆ. ಅವನು ರೊಟ್ಟಿ ಹಾಕಿದ. ಟೇಪಿನೊಳಗೆ ಏನೋ ಮಿಡಿಯಿತು. ಟಪ್. ಅವನು ಕೈಯನ್ನು ಬೆನ್ನ ಹಿಂದೆ ಮಡಚಿಕೊಂಡ. ನನ್ನ ಬಾಯನ್ನೇ ನೋಡುತ್ತಾ ಕೂತ. ನಾನು ರೊಟ್ಟಿ ಮುರಿದೆ. ತುತ್ತು ಎತ್ತಿದೆ. ಬಾಯಿ ತೆರೆದೆ.

ಯಾಕ್ ನಂಜಣ್ಣ, ನನ್ ಹೆಬ್ಬೆರಳ್ ನೋಡಿ ಎದ್ಬುಟ್ಟೆ? ನಿನ್ ಬಸ್ಸಿಗಿನ್ನೂ ಅರ್ಧ ಗಂಟೆ ಅದೆ, ಕೂತ್ಕೊ. ತಿಂದೆ ಅಂತ ನಾನೆಲ್ಲಂದೆ? ಲೋ, ನಿಂತ್ಕೊಳ್ಳೋ, ಪೂರ್ತಿ ಕೇಳು, ಆ ತುತ್ತ ನಾನು